ಹಾಸಿಗೆ ಇಲ್ಲದ ವಾರ್ಡು

ಮೇ 12ಕ್ಕೆ ನರ್ಸುಗಳ ದಿನ ಅಂತ ಕೇಕ್ ಕತ್ತರಿಸಿದೆವು. ದೊಡ್ಡವರು ಬಂದು ನಾಲ್ಕು ಮಾತಾಡಿದರು. ಫೋಟೋ ಆಯಿತು. ಎಲ್ಲರಿಗೂ ಒಂದೊಂದು ಸ್ಟೀಲ್ ನೀರಿನ ಬಾಟಲಿ ಸಿಕ್ಕಿತು. ಅದೇ ವಾರ ನನ್ನ ಒಪಿಡಿಯಿಂದ, ಅಂದರೆ ಹೊರರೋಗಿ ವಿಭಾಗದಿಂದ, ಇಬ್ಬರು ರಾಜೀನಾಮೆ ಬರೆದು ಕೊಟ್ಟರು. ಬಾಟಲಿಗೋಸ್ಕರ ಕಾದಿದ್ದರು ಅಂತ ಆಮೇಲೆ ನಾವು ತಮಾಷೆ ಮಾಡಿಕೊಂಡೆವು. ಅವತ್ತು ಮಾತ್ರ ಯಾರಿಗೂ ನಗು ಬರಲಿಲ್ಲ.

ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಪಿಡಿ ಇನ್‌ಚಾರ್ಜ್ ಸಿಸ್ಟರ್. ಊರು ಕಾರ್ಕಳದ ಹತ್ತಿರ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ 21 ವರ್ಷ ಆಯಿತು. ನಡುವೆ ಆರು ವರ್ಷ ಮಸ್ಕತ್‌ನಲ್ಲಿದ್ದೆ. ಮನೆ ಮೇಲಿನ ಸಾಲ ತೀರಿದ್ದು, ತಂಗಿಯ ಮದುವೆ ಆದದ್ದು ಆ ದುಡ್ಡಿನಲ್ಲೇ. ಹಾಗಾಗಿ ಬಿಟ್ಟು ಹೋಗುವ ಹುಡುಗಿಯರನ್ನು ಬೈಯುವ ಬಾಯಿ ನನಗಿಲ್ಲ.

ನಮ್ಮದು ಭಾರೀ ದೊಡ್ಡ ಒಪಿಡಿ ಏನಲ್ಲ. ಮೆಡಿಸಿನ್, ಸರ್ಜರಿ, ಮೂಳೆ, ಹೆರಿಗೆ, ಮಕ್ಕಳು, ಕಿವಿ-ಮೂಗು-ಗಂಟಲು, ಚರ್ಮ. ವಾರಕ್ಕೆ ಎರಡು ದಿನ ಹಾರ್ಟ್ ಡಾಕ್ಟರ್. ಜೊತೆಗೆ ಇಂಜೆಕ್ಷನ್ ರೂಮ್, ಡ್ರೆಸ್ಸಿಂಗ್ ರೂಮ್, ಇಸಿಜಿ. ದಿನಕ್ಕೆ ಸುಮಾರು 400 ಜನ ಬರುತ್ತಾರೆ, ಸೋಮವಾರ 500 ದಾಟುತ್ತದೆ. ಮಂಗಳೂರಿನವರು ಅರ್ಧ. ಉಳಿದವರು ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾಸರಗೋಡು, ಘಟ್ಟದ ಮೇಲಿನ ಕೊಪ್ಪ, ಶೃಂಗೇರಿ ಕಡೆಯವರು. ಇಷ್ಟಕ್ಕೆ ರೋಸ್ಟರ್‌ನಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, 14 ನರ್ಸುಗಳ ಹೆಸರು ಇತ್ತು. ಜೂನ್ ಕೊನೆಗೆ ಎಂಟು ಉಳಿಯಿತು.

ಹೋದವರ ಲೆಕ್ಕ ಹೀಗೆ. ಒಬ್ಬಳು ಜರ್ಮನಿಗೆ. ಒಬ್ಬಳು ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆ ಬರೆದು ಏಮ್ಸ್ ಆಸ್ಪತ್ರೆಗೆ. ಒಬ್ಬಳಿಗೆ ಮದುವೆಯಾಗಿ ಬೆಂಗಳೂರು. ಇಬ್ಬರು ಹೆರಿಗೆ ರಜೆಯಲ್ಲಿ. 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 26 ವಾರ. ಕೊಡಲೇಬೇಕಾದ ರಜೆ, ನನಗೇನೂ ತಕರಾರಿಲ್ಲ. ಆದರೆ ಆ ಆರು ತಿಂಗಳಿಗೆ ಬದಲಿ ಜನ ಕೊಡುವ ವಿಚಾರ ಯಾರ ತಲೆಗೂ ಬರುವುದಿಲ್ಲ. ಆರನೆಯವಳನ್ನು ಐಸಿಯುಗೆ ಎಳೆದುಕೊಂಡರು, ತಾತ್ಕಾಲಿಕವಾಗಿ ಅಂತ. ಆಸ್ಪತ್ರೆಯಲ್ಲಿ ತಾತ್ಕಾಲಿಕ ಅಂದರೆ ಏನು ಅಂತ ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಒಪಿಡಿ ಅಂದರೆ ಆಸ್ಪತ್ರೆಯ ಸ್ಟೆಪ್ನಿ. ಎಲ್ಲಿ ಪಂಕ್ಚರ್ ಆದರೂ ಇಲ್ಲಿಂದ ಬಿಚ್ಚಿ ಅಲ್ಲಿ ಹಾಕುತ್ತಾರೆ. ಐಸಿಯುನಲ್ಲಿ ಜನ ಇಲ್ಲ ಅಂದರೆ ಜೀವ ಹೋಗುತ್ತದೆ, ಒಪಿಡಿಯಲ್ಲಿ ಜನ ಇಲ್ಲ ಅಂದರೆ ಕ್ಯೂ ಉದ್ದ ಆಗುತ್ತದೆ ಅಷ್ಟೇ, ಅಂತ ಎಲ್ಲರ ನಂಬಿಕೆ. ನಾನೂ ಹಾಗೇ ನಂಬಿದ್ದೆ.

ಜುಲೈಯ ಒಂದು ಸೋಮವಾರ. ರಾತ್ರಿಯಿಡೀ ಮಳೆ. ಬೆಳಿಗ್ಗೆ 6.20ಕ್ಕೆ ಮೊದಲ ಫೋನ್ ಬಂತು.

"ಅಕ್ಕ, ಡಿಸಿ ಶಾಲೆಗೆ ರಜೆ ಕೊಟ್ಟಿದ್ದಾರೆ. ಅತ್ತೆ ಊರಿಗೆ ಹೋಗಿದ್ದಾರೆ. ಮಗುವನ್ನು ಎಲ್ಲಿ ಬಿಡ್ಲಿಕ್ಕೆ?"

ಮಳೆಗಾಲದಲ್ಲಿ ಕರಾವಳಿಯ ತಾಯಂದಿರು ಮಲಗುವ ಮುಂಚೆ ನೋಡುವುದು ಹವಾಮಾನ ಅಲ್ಲ, ಡಿಸಿ ಆದೇಶ. ರೆಡ್ ಅಲರ್ಟ್ ಬಂದರೆ ಶಾಲೆಗೆ ರಜೆ. ಆಸ್ಪತ್ರೆಗೆ ರಜೆ ಇಲ್ಲ. ಹತ್ತು ನಿಮಿಷದಲ್ಲಿ ಎರಡನೇ ಫೋನ್, ಅದೇ ಮಾತು. ಕುಂಬಳೆಯಿಂದ ರೈಲಿನಲ್ಲಿ ಬರುವವಳದ್ದು ಬೇರೆ ಕಥೆ. ಕಾಸರಗೋಡಿನ ಕಲೆಕ್ಟರ್ ಬೇರೆ, ನಮ್ಮ ಡಿಸಿ ಬೇರೆ. ಅಲ್ಲಿ ರಜೆ ಇರಲಿಲ್ಲ, ಆದರೆ ರೈಲು ಇರಲಿಲ್ಲ. ಎಂಟರಲ್ಲಿ ಮೂರು ಕಳೆದರೆ ಐದು. ಜ್ವರದ ಕಾಲ ಬೇರೆ. ಮಂಗಳೂರಿನ ಮಳೆಗಾಲ ಅಂದರೆ ಡೆಂಗ್ಯೂ, ಮಲೇರಿಯಾ, ಇಲಿ ಜ್ವರ, ಮೂರೂ ಒಟ್ಟಿಗೆ. ಎಂಟು ಗಂಟೆಗೆ ನಾನು ಹೋದಾಗ ಮೆಡಿಸಿನ್ ಒಪಿಡಿಯ ಮುಂದೆ ಕೊಡೆಗಳ ನೀರು ಹರಿದು ಕೆರೆ ಆಗಿತ್ತು.

ಅವತ್ತು ನಾನೊಂದು ತೀರ್ಮಾನ ಮಾಡಿದೆ. ಮೂಳೆ, ಚರ್ಮ, ಕಿವಿ-ಮೂಗು, ಈ ಮೂರು ಕಡೆ ಬಿಪಿ, ಪಲ್ಸ್ ನೋಡುವುದು ಬೇಡ, ಬರೀ ಟೋಕನ್ ಪ್ರಕಾರ ಒಳಗೆ ಕಳಿಸಿ ಅಂದೆ. ಕಾಲು ಉಳುಕಿದವನಿಗೆ ಬಿಪಿ ಯಾಕೆ, ಅಲ್ವಾ?

ಹತ್ತೂವರೆ ಇರಬಹುದು. ನೆಲ ಒರೆಸುವ ಅಕ್ಕ ಬಂದು ನನ್ನ ಏಪ್ರನ್ ಜಗ್ಗಿದರು. "ಸಿಸ್ಟರೇ, ಒಂತೆ ತೂಲೆ," ಅಂದರು. ಸ್ವಲ್ಪ ನೋಡಿ ಅಂತ. ಮೂಳೆ ಡಾಕ್ಟರ ಬಾಗಿಲಿನ ಎದುರು, ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬರು ಅಜ್ಜ ಕೂತಿದ್ದರು. ಎಡ ಭುಜವನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಹೊರಗೆ ಹುಚ್ಚು ಮಳೆ, ಚಳಿ. ಅಜ್ಜನ ಅಂಗಿ ಬೆನ್ನಿಗೆ ಅಂಟಿತ್ತು. ಮಳೆಯ ಒದ್ದೆಯಲ್ಲ. ಹಣೆಯ ಮೇಲೆ ಬೆವರು ಮಣಿಮಣಿಯಾಗಿ ನಿಂತಿತ್ತು. ಕೈಯಲ್ಲಿ 38ನೇ ನಂಬರ್ ಟೋಕನ್. ಒಳಗೆ 29 ನಡೀತಾ ಇತ್ತು.

"ಎಂತ ಆಯ್ತು ಅಜ್ಜ?"

"ಎಂತ ಇಲ್ಲ, ನಿನ್ನೆ ನೂರು ಕಾಯಿ ಸುಲಿದೆ. ಭುಜ ಹಿಡಿದಿದೆ."

ಕೈ ಮುಟ್ಟಿದೆ. ತಣ್ಣಗೆ. ವೀಲ್‌ಚೇರ್ ತರಿಸಿ, ನಾನೇ ತಳ್ಳಿಕೊಂಡು ಇಸಿಜಿ ರೂಮಿಗೆ ಓಡಿದೆ. ಪೇಪರ್ ಹೊರಗೆ ಬರ್ತಾ ಇದ್ದ ಹಾಗೇ ಗೊತ್ತಾಯಿತು. ಓದಲು ಡಾಕ್ಟರೇ ಬೇಕು ಅಂತ ಇರಲಿಲ್ಲ. ಹಾರ್ಟ್ ಅಟ್ಯಾಕ್. ಹನ್ನೊಂದು ಗಂಟೆಗೆ ಅವರು ಹೃದಯದ ರಕ್ತನಾಳದ ಬ್ಲಾಕ್ ತೆಗೆಯುವ ಕ್ಯಾತ್ ಲ್ಯಾಬ್‌ನಲ್ಲಿದ್ದರು.

ಅಜ್ಜ ಉಳಿದರು. ಮೂರು ವಾರ ಬಿಟ್ಟು ಅವರ ಮಗಳು ಹಲಸಿನ ಹಪ್ಪಳದ ಕಟ್ಟು ತಂದು, "ನಿಮ್ಮಿಂದ ಅಪ್ಪ ಉಳಿದರು ಸಿಸ್ಟರ್," ಅಂತ ಕೈ ಹಿಡಿದುಕೊಂಡಳು. ನಮ್ಮಿಂದಲೇ ಅವರು 70 ನಿಮಿಷ ಬೆಂಚಿನ ಮೇಲೆ ಕೂತಿದ್ದರು. ಅವಳಿಗೆ ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಬಂದ ಕೂಡಲೇ ಯಾರಾದರೂ ಪಲ್ಸ್ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ಹಿಡಿಯಬೇಡಿ ಅಂದವಳು ನಾನು.

ಅವತ್ತು ಸಂಜೆ ಇನ್ಸಿಡೆಂಟ್ ರಿಪೋರ್ಟ್ ಬರೆದೆ. ಕಾರಣ ಅನ್ನುವ ಕಡೆ "ನರ್ಸುಗಳ ಕೊರತೆ" ಅಂತ ಎರಡೇ ಶಬ್ದ. ಮರುದಿನ ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಕರೆದರು. ಅವರು ಖಡಕ್ಕು, ಆದರೆ ನ್ಯಾಯಸ್ಥೆ.

"ಎಷ್ಟು ಕೊರತೆ?"

"ಆರು ಜನ, ಮೇಡಂ."

"ಅಂದರೆ 14 ಬೇಕು. 14 ಯಾಕೆ? ಹತ್ತು ಯಾಕಲ್ಲ? ಇಪ್ಪತ್ತು ಯಾಕಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 14 ಅನ್ನುವುದು ನಾನು ಬರುವ ಮುಂಚೆ ಯಾರೋ ಹಾಕಿದ ನಂಬರ್. ಆಗ ಚರ್ಮದ ಡಾಕ್ಟರೇ ಇರಲಿಲ್ಲ. ಸಂಜೆ ಒಪಿಡಿಯೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲದಕ್ಕೂ ಲೆಕ್ಕ ಹಾಸಿಗೆಯಿಂದ ಶುರು. ಕೇಂದ್ರ ಸರ್ಕಾರದ ಸ್ಟಾಫ್ ಇನ್‌ಸ್ಪೆಕ್ಷನ್ ಯುನಿಟ್ ಅಂತ ಒಂದಿದೆ. 1990ರ ದಶಕದ ಶುರುವಿನಲ್ಲಿ ಅದು ಹಾಕಿಕೊಟ್ಟ ಲೆಕ್ಕವನ್ನು ಈಗಲೂ ಜನ ಉದಾಹರಿಸುತ್ತಾರೆ. ಜನರಲ್ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಂದಕ್ಕೆ ಒಂದು. ನಾವು ನರ್ಸಿಂಗ್ ಓದುವಾಗ ಬಾಯಿಪಾಠ ಮಾಡಿದ್ದೇ. ಒಪಿಡಿಯಲ್ಲಿ ಹಾಸಿಗೆ ಎಲ್ಲಿದೆ? ಬರುತ್ತಾರೆ, ಕೂರುತ್ತಾರೆ, ಹೋಗುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ರೌಂಡ್ಸ್ ಬಂದ ಮ್ಯಾನೇಜ್‌ಮೆಂಟಿನವರಿಗೆ ಖಾಲಿ ಬೆಂಚು ಕಾಣುತ್ತದೆ, ಇಷ್ಟು ಜನ ಯಾಕೆ ಅನಿಸುತ್ತದೆ. ಮನೆಗೆ ಹೋಗಿ ಹಳೆ ಪುಸ್ತಕ ತೆಗೆದು ನೋಡಿದೆ. ಅದೇ ಲೆಕ್ಕದಲ್ಲಿ ಒಪಿಡಿ ಇಂಜೆಕ್ಷನ್ ರೂಮಿಗೆ ಒಂದು ಸಾಲು ಇತ್ತು: ದಿನಕ್ಕೆ 100 ಜನರವರೆಗೆ ಒಬ್ಬ ನರ್ಸ್, 120ರಿಂದ 220ರವರೆಗೆ ಇಬ್ಬರು. ನಮ್ಮ ಇಂಜೆಕ್ಷನ್ ರೂಮಿಗೆ ದಿನಕ್ಕೆ 150 ಜನ ಬರುತ್ತಿದ್ದರು. ಇದ್ದದ್ದು ಒಬ್ಬಳು.

ಸರಿ, ಎಣಿಸೋಣ ಅಂತ ಕೂತೆ.

ಮೆಡಿಕಲ್ ರೆಪ್ ಕೊಟ್ಟ ಹಳೆ ಡೈರಿಗಳು ಇದ್ದವು. ಒಂದೊಂದು ಜಾಗಕ್ಕೆ ಒಂದೊಂದು ಇಟ್ಟೆ. ಏನು ಕೆಲಸ ಮಾಡಿದರೂ ಒಂದು ಗೆರೆ, ನಾಲ್ಕಾದ ಮೇಲೆ ಅಡ್ಡ ಗೆರೆ. ಮೊದಲ ದಿನ ನಾನೇ ನಿಂತು ಎಣಿಸಿದೆ. ಹುಡುಗಿಯರ ಮುಖ ಸಣ್ಣಗಾಯಿತು. "ನಮ್ಮ ಮೇಲೆ ಡೌಟಾ ಅಕ್ಕ?" ಅಂತ ಒಬ್ಬಳು ಕೇಳಿಯೇ ಬಿಟ್ಟಳು. ತಪ್ಪು ನನ್ನದೇ. ಎರಡನೇ ದಿನದಿಂದ ಪೆನ್ನು ಅವರ ಕೈಗೆ ಕೊಟ್ಟೆ. ಆಮೇಲೆ ಅವರಿಗೇ ಚಟ ಹಿಡಿಯಿತು. "ಅಕ್ಕ, ಇವತ್ತು 'ಡಾಕ್ಟರ್ ಬಂದಿದ್ದಾರಾ' ಫೋನ್ 60 ದಾಟಿತು," ಅಂತ ಸ್ಕೋರ್ ಹೇಳಿದ ಹಾಗೆ ಹೇಳುತ್ತಿದ್ದರು.

ಇಂಜೆಕ್ಷನ್ ರೂಮಿನ ಒಂದು ಗಂಟೆ ನನಗೆ ಈಗಲೂ ನೆನಪಿದೆ, ಬುಧವಾರ ಹತ್ತರಿಂದ ಹನ್ನೊಂದು. ಅಲ್ಲಿದ್ದ ಒಬ್ಬಳೇ ನರ್ಸ್ ಕೊಟ್ಟ ಇಂಜೆಕ್ಷನ್ 17. ನಡುವೆ ಫಾರ್ಮಸಿ ಎಲ್ಲಿ ಅಂತ ದಾರಿ ತೋರಿಸಿದ್ದು ಆರು ಸಲ. ಬಿಲ್ ಆಗದೆ ಬಂದವರನ್ನು ಕೌಂಟರಿಗೆ ವಾಪಸ್ ಕಳಿಸಿದ್ದು ನಾಲ್ಕು ಸಲ. ಕಾಣದ ಫೈಲ್ ಹುಡುಕಿಕೊಂಡು ಮೂರು ರೂಮ್ ಸುತ್ತಿದ್ದು ಎರಡು ಸಲ. ಬ್ಯಾರಿ ಮಾತಾಡುವ ಒಬ್ಬ ಅಜ್ಜಿಗೂ ಬೆಂಗಳೂರಿನಿಂದ ಹೊಸದಾಗಿ ಬಂದ ಡಾಕ್ಟರಿಗೂ ನಡುವೆ ದುಭಾಷಿ ಆದದ್ದು ಒಂದು ಸಲ. ನಾಯಿ ಕಚ್ಚಿದ ಹುಡುಗನಿಗೆ ಮುಂದಿನ ಚುಚ್ಚು ಯಾವ ತಾರೀಕಿಗೆ ಅಂತ ಕಾರ್ಡಿನಲ್ಲಿ ಬರೆದು ಕೊಟ್ಟಳು. ಅದು ನರ್ಸ್ ಕೆಲಸ. ಅದಕ್ಕೆ ಅವಳಿಗೆ ಸಿಕ್ಕಿದ್ದು ಅರ್ಧ ನಿಮಿಷ. ತಾಯಿ ಎರಡನೇ ಸಲ ಕೇಳಿದಾಗ ಇವಳು ಸ್ವಲ್ಪ ಜೋರಾಗಿಯೇ ಉತ್ತರ ಕೊಟ್ಟಳಂತೆ. ಅದಕ್ಕೂ ಗೆರೆ ಹಾಕಬೇಕಾ ಅಂತ ಸಂಜೆ ನನ್ನನ್ನು ಕೇಳಿದಳು.

ಆರು ದಿನದ ಡೈರಿ ಕೂಡಿಸಿ ನೋಡಿದರೆ ಎಂಟು ಜನರಲ್ಲಿ ಸುಮಾರು ಮೂರು ಜನರ ಸಮಯ ನರ್ಸ್ ಅಲ್ಲದವರೂ ಮಾಡಬಹುದಾದ ಕೆಲಸಕ್ಕೆ ಹೋಗುತ್ತಿತ್ತು. ಮೂರು ವರ್ಷ, ನಾಲ್ಕು ವರ್ಷ ಓದಿ ಬಂದವರು ಫೈಲ್ ಹುಡುಕುತ್ತಿದ್ದರು. ನಾನು ಹೊರಗೆ ನರ್ಸ್ ಹುಡುಕುತ್ತಿದ್ದೆ.

ಇದನ್ನು ತೋರಿಸಿ ಐದು ಅಸಿಸ್ಟೆಂಟ್‌ಗಳನ್ನು ಕೇಳಿದೆ. ಪಿಯುಸಿ ಆದವರು ಸಾಕು, ತುಳು ಬರಬೇಕು, ಮಲಯಾಳಂ ಬಂದರೆ ಒಳ್ಳೆಯದು. ನರ್ಸ್ ಕೇಳಿದಾಗ ತಿಂಗಳುಗಟ್ಟಲೆ ಎಳೆಯುವವರು ಇದಕ್ಕೆ ಎರಡೇ ದಿನದಲ್ಲಿ ಹೂಂ ಅಂದರು. ಯಾಕೆ ಅಂತ ನನಗೆ ಆಮೇಲೆ ಹೊಳೆಯಿತು. ಎಚ್‌ಆರ್‌ನ ಹುಡುಗ ಮೀಟಿಂಗಿನಲ್ಲಿ ನಗುತ್ತಾ, "ಹಾಗಾದರೆ ಇನ್ನು ಎಂಟು ನರ್ಸ್ ಸಾಕಲ್ವಾ ಸಿಸ್ಟರ್?" ಅಂದ. ನಾನು ತೋಡಿದ ಗುಂಡಿಗೆ ನಾನೇ ಬೀಳುವ ಹೊತ್ತು. ಮೇಡಂ ಅಡ್ಡ ಬಂದರು. "ಅಸಿಸ್ಟೆಂಟ್ ಬಂದರೆ ನರ್ಸ್ ನರ್ಸ್ ಕೆಲಸ ಮಾಡುತ್ತಾಳೆ. ನರ್ಸ್ ಕಡಿಮೆ ಆದರೆ ಅಸಿಸ್ಟೆಂಟ್ ನರ್ಸ್ ಕೆಲಸ ಮಾಡುತ್ತಾಳೆ. ಎರಡನೆಯದಕ್ಕೆ ನೀವು ಸಹಿ ಹಾಕ್ತೀರಾ?" ಅವನು ಹಾಕಲಿಲ್ಲ.

ಗೆರೆ ಎಲ್ಲಿ ಎಳೆಯುವುದು ಅಂತ ಒಂದು ವಾರ ಜಗಳ ಆಯಿತು. ತೂಕ, ಎತ್ತರ, ಟೋಕನ್, ಫೈಲ್, ಫೋನ್, ವೀಲ್‌ಚೇರ್ ಅಸಿಸ್ಟೆಂಟ್‌ಗೆ. ಚುಚ್ಚುವುದು, ಡ್ರೆಸ್ಸಿಂಗ್, ಔಷಧಿಯ ಕಪಾಟಿನ ಕೀ ನರ್ಸಿಗೆ ಮಾತ್ರ. ಬಿಪಿ ನಡುವೆ ಸಿಕ್ಕಿಕೊಂಡಿತು. ನಾನು ಬೇಡವೇ ಬೇಡ ಅಂದೆ. ಆಮೇಲೆ ಒಪ್ಪಿಕೊಂಡೆ, ಯಾಕೆಂದರೆ ಯಾರೂ ನೋಡದಿದ್ದರೆ ಏನಾಗುತ್ತದೆ ಅಂತ ಆ ಬೆಂಚಿನ ಮೇಲೆ ನೋಡಿಯಾಗಿತ್ತು. ಎರಡು ವಾರ ತರಬೇತಿ, ಮೆಷಿನ್ ಬಿಪಿ ಮಾತ್ರ, ನಂಬರ್ ಇಷ್ಟಕ್ಕಿಂತ ಮೇಲೆ ಅಥವಾ ಕೆಳಗೆ ಹೋದರೆ ನರ್ಸ್ ಕೈಯಲ್ಲಿ ಇನ್ನೊಮ್ಮೆ ನೋಡಬೇಕು. ಇನ್ನೊಂದು ನಿಯಮ ದೊಡ್ಡ ಅಕ್ಷರದಲ್ಲಿ ಬರೆದು ಟೋಕನ್ ಕೌಂಟರಿನ ಒಳಗೆ ಅಂಟಿಸಿದೆ: ನಲವತ್ತು ದಾಟಿದವರಿಗೆ ದವಡೆಯಿಂದ ಹೊಕ್ಕುಳದವರೆಗೆ ಎಲ್ಲಿ ನೋವಿದ್ದರೂ, ಭುಜ, ಕೈ, ಬೆನ್ನು ಸೇರಿ, ಮೊದಲು ಇಸಿಜಿ, ಆಮೇಲೆ ಟೋಕನ್. ಕಾಯಿ ಸುಲಿದದ್ದೇ ಇರಲಿ, ಅಡಿಕೆ ಮರ ಹತ್ತಿದ್ದೇ ಇರಲಿ. ದುಡ್ಡಿನ ಮಾತು ಕೊನೆಗೆ.

ಡಾಕ್ಟರುಗಳ ಜೊತೆಗಿನ ಪಂಚಾಯ್ತಿಕೆ ಇನ್ನೂ ದೊಡ್ಡದು. ನಮ್ಮಲ್ಲಿ ಒಬ್ಬೊಬ್ಬ ಡಾಕ್ಟರಿಗೆ ಒಬ್ಬೊಬ್ಬ ಸಿಸ್ಟರ್ ಅನ್ನುವುದು ಹಳೆ ಪದ್ಧತಿ. ಮೂಳೆ ಡಾಕ್ಟರು ಹಿರಿಯರು. ನನ್ನ ಮೇಲೆ ಪ್ರೀತಿ ಇದೆ, ಸಿಟ್ಟು ಅದಕ್ಕಿಂತ ಜಾಸ್ತಿ.

"ಹನ್ನೆರಡು ವರ್ಷದಿಂದ ನನ್ನ ರೂಮಿನಲ್ಲಿ ಸಿಸ್ಟರ್ ಇದ್ದಾರೆ. ಈಗ ಎಂತ ಹೊಸ ಕಾನೂನು?"

"ಸರ್, ಮೂರು ಗಂಟೆಯಲ್ಲಿ ಅವರು ಎಂತೆಲ್ಲ ಮಾಡಿದರು ಅಂತ ಬರೆದಿಟ್ಟಿದ್ದೇನೆ. ಒಮ್ಮೆ ನೋಡಿ."

ಹೆಸರು ಕೂಗಿದ್ದು 41 ಸಲ. ಮೊಣಕಾಲು ಹಿಡಿದದ್ದು ಎರಡು ಸಲ. ಪ್ಲಾಸ್ಟರ್‌ಗೆ ಸಹಾಯ ಒಂದು ಸಲ. ಎಕ್ಸ್‌ರೇ ಕವರಿನಿಂದ ತೆಗೆದು ಕೊಟ್ಟದ್ದು 22 ಸಲ. ಕಾಫಿ ಒಂದು. ಎಸಿ ಕಡಿಮೆ ಮಾಡಿದ್ದು ಒಂದು, ಮತ್ತೆ ಜಾಸ್ತಿ ಮಾಡಿದ್ದು ಒಂದು.

ಅವರು ಕನ್ನಡಕ ಮೇಲೆ ಮಾಡಿ ಎರಡು ಸಲ ಓದಿದರು. "ಎಸಿ ನಾನೇ ನೋಡಿಕೊಳ್ತೇನೆ ಮಾರಾಯ್ತಿ," ಅಂದರು.

ಎರಡು ರೂಮಿಗೆ ಒಬ್ಬ ನರ್ಸ್ ಅಂತ ಆಯಿತು. ಪ್ರತಿ ಮೇಜಿಗೆ ಒಂದು ಕರೆಗಂಟೆ ಹಾಕಿಸಿದೆವು. ಹಂಪನಕಟ್ಟೆಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ತಂದ ಸಾದಾ ಗಂಟೆ, ಮೊದಲೆಲ್ಲ ಮನೆಗಳಲ್ಲಿ ಇರುತ್ತಿತ್ತಲ್ಲ, ಹಕ್ಕಿ ಕೂಗುವಂಥದ್ದು. ಮೊದಲ ಎರಡು ದಿನ ಒಪಿಡಿ ಪಿಲಿಕುಳದ ಮೃಗಾಲಯದ ಹಾಗೆ ಕೇಳುತ್ತಿತ್ತು. ಹೆರಿಗೆ ವಿಭಾಗ ಮತ್ತು ಮಕ್ಕಳ ವಿಭಾಗ ಮಾತ್ರ ಮುಟ್ಟಲಿಲ್ಲ. ಗಂಡಸು ಡಾಕ್ಟರ್ ಹೆಂಗಸನ್ನು ಪರೀಕ್ಷೆ ಮಾಡುವಾಗ ಹೆಣ್ಣೊಬ್ಬಳು ಜೊತೆಗಿರಲೇಬೇಕು, ಅದರಲ್ಲಿ ಹೊಂದಾಣಿಕೆ ಇಲ್ಲ. ಉಳಿದ ಕಡೆ ಅಂಥ ಪರೀಕ್ಷೆ ಇದ್ದರೆ ಗಂಟೆ ಒತ್ತಿ ಕಾಯಬೇಕು. ಕಾಯುತ್ತಾರೆ. ಗೊಣಗುತ್ತಾ ಕಾಯುತ್ತಾರೆ.

ಒಂದು ಪ್ರಯೋಗ ಪೂರ್ತಿ ನೆಲಕಚ್ಚಿತು. ಬೆಳಗಿನ ನೂಕುನುಗ್ಗಲು ಕಡಿಮೆ ಮಾಡಲು ಫೋನಿನಲ್ಲಿ ಟೈಮ್ ಕೊಟ್ಟು ಟೋಕನ್ ಹಂಚಿದೆವು. ನಿಮಗೆ ಹನ್ನೊಂದೂವರೆ, ನಿಮಗೆ ಹನ್ನೆರಡು ಅಂತ. ಎಂಟು ಗಂಟೆಗೆ ಎಲ್ಲರೂ ಹಾಜರ್. ಸುಳ್ಯದಿಂದ ಬೆಳಗಿನ ಮೊದಲ ಬಸ್ ಹತ್ತಿ ಬಂದವರಿಗೆ ಹನ್ನೊಂದೂವರೆ ಅಂತ ಹೇಳಿ ಏನು ಪ್ರಯೋಜನ? ಸಂಜೆ ಬಸ್ಸಿಗೆ ಮುಂಚೆ ರಕ್ತ ಪರೀಕ್ಷೆ ಆಗಬೇಕು, ರಿಪೋರ್ಟ್ ತೋರಿಸಬೇಕು, ಮದ್ದು ತಗೊಳ್ಳಬೇಕು, ಸಾಧ್ಯ ಆದರೆ ಸೆಂಟ್ರಲ್ ಮಾರ್ಕೆಟ್‌ನಲ್ಲೂ ಒಂದು ಕೆಲಸ ಇರುತ್ತದೆ. ಒಂದು ತಿಂಗಳಲ್ಲೇ ಅದನ್ನು ಕೈಬಿಟ್ಟೆವು.

ರೋಗಿಗಳ ಟೈಮ್ ಬದಲಾಗದಿದ್ದರೆ ನಮ್ಮ ಟೈಮ್ ಬದಲಾಗಬೇಕು. ಎಲ್ಲರೂ ಎಂಟರಿಂದ ನಾಲ್ಕು ಅಂತ ಇತ್ತು. ಯಾಕೆ ಅಂತ ಕೇಳಿದರೆ ಮೊದಲಿಂದಲೂ ಹಾಗೆ. ಜನ ಬರುವುದು ಎಂಟೂವರೆಯಿಂದ ಒಂದರವರೆಗೆ, ಮತ್ತೆ ಸಂಜೆ ನಾಲ್ಕೂವರೆಯಿಂದ ಏಳು. ಈಗ ಕೆಲವರು ಏಳೂವರೆಗೆ, ಕೆಲವರು ಹನ್ನೊಂದಕ್ಕೆ ಬರುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಮಾತ್ರ ಬರುವವರು ಬೇಕಿತ್ತು. ಅಂಥವರು ಎಲ್ಲಿ ಸಿಗುತ್ತಾರೆ? ನನ್ನ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲೇ ಇದ್ದರು. ಮದುವೆ, ಮಕ್ಕಳು ಅಂತ ಕೆಲಸ ಬಿಟ್ಟವರು ಕದ್ರಿ, ಬಿಜೈ, ಕುಲಶೇಖರದಲ್ಲಿ ಎಷ್ಟು ಮಂದಿ ಇಲ್ಲ! ಪೂರ್ತಿ ಡ್ಯೂಟಿ ಆಗ್ಲಿಕ್ಕಿಲ್ಲ, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ನಾಲ್ಕು ಗಂಟೆ ಆದರೆ ಆಗಬಹುದು ಅಂತ ಮೂವರು ಅಂದರು. ಇಬ್ಬರು ಬಂದರು.

ಅದರಲ್ಲಿ ಒಬ್ಬಳು ಒಂಬತ್ತು ವರ್ಷ ಸಿರಿಂಜ್ ಮುಟ್ಟಿರಲಿಲ್ಲ. ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಣ ಆಗಿರಲಿಲ್ಲ. ಅದು ಆಗುವವರೆಗೆ ಡೆಸ್ಕಿನಲ್ಲಿ ಕೂರಿಸಿದೆ. ಮಧ್ಯಾಹ್ನ ಎಲ್ಲ ಖಾಲಿ ಆದ ಮೇಲೆ ಮುಸುಂಬಿ ಹಣ್ಣಿಗೆ ಚುಚ್ಚಿ ಅಭ್ಯಾಸ ಮಾಡುತ್ತಿದ್ದಳು. ಎರಡು ತಿಂಗಳ ಮೇಲೆ ಮೊದಲ ರೋಗಿ ಬಂದಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಕೈ ನಡುಗುತ್ತಿತ್ತು. ತೋಳಿಗೆ ಹತ್ತಿ ಒರೆಸಿದಳು, ಇನ್ನೊಮ್ಮೆ ಒರೆಸಿದಳು, ಮೂರನೇ ಸಲ ಒರೆಸಲು ಹೋದಾಗ ರೋಗಿಯೇ, "ಸಾಕು ಸಿಸ್ಟರ್, ಕ್ಲೀನ್ ಆಯ್ತು," ಅಂದ. ಸೂಜಿ ಒಳಗೆ ಹೋದ ಕೂಡಲೇ ನಡುಕ ನಿಂತಿತು. ಕೈಗೆ ನೆನಪಿತ್ತು. ಈಗ ನಮ್ಮಲ್ಲಿ ಮಕ್ಕಳಿಗೆ ಅವಳಷ್ಟು ಚೆನ್ನಾಗಿ ಲಸಿಕೆ ಹಾಕುವವರು ಇಲ್ಲ.

ಈ ನಡುವೆ ನರ್ಸಿಂಗ್ ವಿದ್ಯಾರ್ಥಿಗಳನ್ನು ಹಾಕಿಕೊಳ್ಳಿ ಅಂತ ಒಂದು ಸಲಹೆ ಬಂತು. ಈ ಊರಿನಲ್ಲಿ ನರ್ಸಿಂಗ್ ಕಾಲೇಜಿಗೆ ಬರ ಇಲ್ಲ, ಗಲ್ಲಿಗೊಂದಿದೆ. ನಾನು ಒಪ್ಪಲಿಲ್ಲ. ಕಲಿಯಲು ಬಂದವರನ್ನು ಕೈ ಕಡಿಮೆ ಇರುವ ಕಡೆ ತುಂಬಿಸುವುದು ಸರಿಯಲ್ಲ. ನನ್ನನ್ನೂ ಹಾಗೇ ತುಂಬಿಸಿದ್ದರು, ಬೆಡ್ ಶೀಟ್ ಮಡಚುವುದು ಚೆನ್ನಾಗಿ ಕಲಿತೆ.

ಇನ್ನು ಬಿಟ್ಟು ಹೋಗುವವರ ವಿಷಯ. ಜರ್ಮನಿಗೆ ಹೋದವಳು ಬಂಟ್ವಾಳ ಕಡೆಯ ಹುಡುಗಿ. ಅವಳು ಹೋದ ಮೇಲೆ ಔಷಧಿ ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದು ಕಂಡಿತು. ಸಿರಿಂಜ್, ಹತ್ತಿ, ಬ್ಯಾಂಡೇಜ್, ನೋವು, ಜ್ವರ, ಒಂದೊಂದರ ಮುಂದೆ ಜರ್ಮನ್ ಶಬ್ದ, ಅದರ ಉಚ್ಚಾರ ಕನ್ನಡ ಅಕ್ಷರದಲ್ಲಿ. ನೋವಿಗೆ "ಶ್ಮೆರ್ಟ್ಸ್" ಅಂತೆ. ದಿನಕ್ಕೆ ಎಷ್ಟು ಸಲ ಆ ಕಪಾಟು ತೆಗೆಯುತ್ತಿದ್ದಳೋ ಅಷ್ಟು ಸಲ ಓದುತ್ತಿದ್ದಳು. ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿ ಬಿ2 ಪರೀಕ್ಷೆ ಬರೆಯುವವರೆಗೆ ಒಂದೂವರೆ ವರ್ಷ ನನ್ನ ಕಣ್ಣೆದುರೇ ಓದಿದ್ದಾಳೆ, ನನಗೆ ಗೊತ್ತಾದದ್ದು ರಾಜೀನಾಮೆ ಕೈಗೆ ಬಂದ ದಿನ. ಮೊದಲೇ ಹೇಳಿದರೆ ಎಲ್ಲಿ ಕಷ್ಟದ ಡ್ಯೂಟಿ ಹಾಕುತ್ತಾರೋ, ಎಲ್ಲಿ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ತಡ ಮಾಡುತ್ತಾರೋ ಅಂತ ಹೆದರಿಕೆ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ.

ಹಾಗಾಗಿ ಉಳಿದವರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೇರವಾಗಿ ಕೇಳಿದೆ. "ಯಾವ ದೇಶ? ಯಾವಾಗ?" ನಾನು ಮಸ್ಕತ್‌ಗೆ ಹೋಗುವಾಗ ನನ್ನ ಇನ್‌ಚಾರ್ಜ್‌ಗೆ ಹೇಗೆ ಸುಳ್ಳು ಹೇಳಿದ್ದೆ ಅಂತಲೂ ಹೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಒಬ್ಬಳು ದುಬೈ ಪರೀಕ್ಷೆಗೆ ಕಟ್ಟಿದ್ದೇನೆ ಅಂದಳು. ಪರೀಕ್ಷೆಯ ಹಿಂದಿನ ದಿನ ಅವಳಿಗೆ ಆಫ್ ಹಾಕಿಕೊಟ್ಟೆ. ಆ ಸುದ್ದಿ ಹಾಸ್ಟೆಲ್‌ಗೆ ಒಂದೇ ಸಂಜೆಯಲ್ಲಿ ತಲುಪಿತು. ಈಗ ನನ್ನ ಡೈರಿಯ ಕೊನೆಯ ಪುಟದಲ್ಲಿ ಯಾರ ಪರೀಕ್ಷೆ ಯಾವಾಗ, ಯಾರ ವೀಸಾ ಎಲ್ಲಿಗೆ ಬಂತು, ಯಾರ ಮದುವೆ ಮಾತುಕತೆ ನಡೀತಾ ಇದೆ, ಎಲ್ಲ ಪೆನ್ಸಿಲಿನಲ್ಲಿ ಇದೆ. ಮೇಡಂಗೂ ಆ ಪುಟ ತೋರಿಸುವುದಿಲ್ಲ. ಮೂರು ತಿಂಗಳ ಮುಂಚೆ ಹೊಸಬರನ್ನು ಕೇಳುತ್ತೇನೆ, ಹೋಗುವವಳ ಕೈಯಲ್ಲೇ ಅವರಿಗೆ ಕಲಿಸುತ್ತೇನೆ.

ಸಂಬಳದ ಮಾತು ಬರದೆ ಇರುತ್ತದೆಯೇ? 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತ್ತು. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆ ರಾಜ್ಯ ಸರ್ಕಾರದ ನರ್ಸುಗಳಷ್ಟೇ ಸಂಬಳ ಕೊಡಬೇಕು. 100 ದಾಟಿದರೆ ಆ ಸಂಬಳಕ್ಕಿಂತ ಕಡಿಮೆ ಕೊಟ್ಟರೂ ಕಡಿತ ಶೇ 10 ದಾಟಬಾರದು. 50 ದಾಟಿದರೆ ಕಡಿತ ಶೇ 25 ದಾಟಬಾರದು. 50ಕ್ಕಿಂತ ಸಣ್ಣದಾದರೂ 20,000 ರೂಪಾಯಿಗೆ ಕಡಿಮೆ ಇರಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. ಜಾರಿ ಮಾಡುವುದು ರಾಜ್ಯಗಳ ಕೆಲಸ. ನಾನು ಅದರ ಪ್ರಿಂಟ್ ತೆಗೆದು ಮೇಡಂ ಟೇಬಲ್ ಮೇಲೆ ಇಟ್ಟೆ.

"ಇದನ್ನು ನಾನು ಓದಿದ್ದೇನೆ," ಅಂದರು. "ಮೇಲಿನವರೂ ಓದಿದ್ದಾರೆ."

ಅಷ್ಟೇ. ನಮ್ಮಲ್ಲಿ ಹೊಸಬರಿಗೆ ಆಗ 18,000 ಇತ್ತು. ವರ್ಷ ತುಂಬಿದ ಮೇಲೆ 2,000 ಜಾಸ್ತಿ ಮಾಡಿದರು. ಅದೇ ತಿಂಗಳು ಹಾಸ್ಟೆಲ್ ಮೆಸ್ಸಿನ ಬಿಲ್ಲೂ ಏರಿತು.

ಈ ವರ್ಷದ ಮೊದಲ ರೆಡ್ ಅಲರ್ಟ್ ಜೂನ್‌ನಲ್ಲೇ ಬಂತು. ರಾತ್ರಿ ಒಂಬತ್ತಕ್ಕೆ ಆದೇಶ ನೋಡಿದ ಕೂಡಲೇ ಗ್ರೂಪಿನಲ್ಲಿ ಹಾಕಿದೆ. ಮಕ್ಕಳು ಇರುವವರು ನಾಲ್ಕು ಜನ. ಮೂರನೇ ಮಹಡಿಯ ಮೀಟಿಂಗ್ ರೂಮನ್ನು ಮಳೆ ರಜೆಯ ದಿನ ಕೇಳಿ ಪಡೆದಿದ್ದೇನೆ. ಪಡೆಯಲು ನಾಲ್ಕು ಪತ್ರ ಬರೆದಿದ್ದೆ. ನಿವೃತ್ತಿ ಆದ ಒಬ್ಬರು ಆಯಾ ಬಂದು ಕೂರುತ್ತಾರೆ. ಒಂದು ಕೇರಂ ಬೋರ್ಡ್, ಕ್ರೇಯಾನ್, ಕ್ಯಾಂಟೀನಿನಿಂದ ಬನ್ಸ್. ಆ ಬೆಳಿಗ್ಗೆ ಐದು ಮಕ್ಕಳು ರೈನ್‌ಕೋಟ್ ಹಾಕಿಕೊಂಡು ಲಿಫ್ಟಿನ ಮುಂದೆ ಸಾಲಾಗಿ ನಿಂತಿದ್ದವು. ಮೂಳೆ ಡಾಕ್ಟರು ದಾರಿಯಲ್ಲಿ ನಿಂತು, "ಇವರದ್ದೆಲ್ಲ ಟೋಕನ್ ಎಷ್ಟು?" ಅಂದರು. ಎಲ್ಲ ನರ್ಸುಗಳೂ ಬಂದಿದ್ದರು, ಕುಂಬಳೆಯವಳು ಬಿಟ್ಟು. ರೈಲಿಗೆ ನಾನೇನು ಮಾಡಲಿ?

ಈಗ ರೋಸ್ಟರ್‌ನಲ್ಲಿ ಪೂರ್ತಿ ಡ್ಯೂಟಿಯವರು ಹತ್ತು, ಅರ್ಧ ದಿನದವರು ಇಬ್ಬರು, ಅಸಿಸ್ಟೆಂಟ್ ಐದು. ಇಂಜೆಕ್ಷನ್ ರೂಮಿಗೆ ಇಬ್ಬರು. ಹತ್ತರಲ್ಲಿ ಒಬ್ಬಳು ನವೆಂಬರ್‌ಗೆ ಹೋಗುತ್ತಾಳೆ, ಇನ್ನೊಬ್ಬಳಿಗೆ ಡೆಲಿವರಿ ಡಿಸೆಂಬರ್‌ಗೆ. ಐಸಿಯುಗೆ ತಾತ್ಕಾಲಿಕವಾಗಿ ಹೋದವಳು ಇನ್ನೂ ವಾಪಸ್ ಬಂದಿಲ್ಲ. ಪ್ರತಿ ತಿಂಗಳು ರೋಸ್ಟರ್ ಬರೆಯುವಾಗ ಕೊನೆಯ ಸಾಲಿನಲ್ಲಿ ಅವಳ ಹೆಸರು ಬರೆದು ಮೇಡಂಗೆ ಕಳಿಸುತ್ತೇನೆ. ಅವರು ಒಂದೂ ಮಾತಾಡದೆ ಅದೊಂದು ಹೆಸರು ಹೊಡೆದು ಹಾಕಿ ಸಹಿ ಮಾಡಿ ಕಳಿಸುತ್ತಾರೆ.